ಎರಡು ಸ್ಕ್ಯಾನ್, ಒಂದೇ ದೇಹ
(ಸಂಸ್ಥೆಯ ವಾರ್ಷಿಕ ಸಮಾರಂಭದಲ್ಲಿ ಮಾಡಿದ ಭಾಷಣ)

 

ಇಂದು ಮನೆಯಲ್ಲಿ ಯಾರಿಗಾದರೂ ದೊಡ್ಡ ಕಾಯಿಲೆ ಬಂದರೆ ಮೊದಲು ಕೇಳಿಬರುವ ಮಾತು ಸ್ಕ್ಯಾನ್. 1971ರಲ್ಲಿ ಇಂಗ್ಲೆಂಡಿನಲ್ಲಿ ಮೊದಲ ರೋಗಿಯ ತಲೆಯ ಸಿ.ಟಿ. ಸ್ಕ್ಯಾನ್ ನಡೆಯಿತು. ಈ ವಿದ್ಯೆಗಾಗಿ ಹೌನ್ಸ್‌ಫೀಲ್ಡ್ ಮತ್ತು ಕಾರ್ಮ್ಯಾಕ್ ಅವರಿಗೆ 1979ರಲ್ಲಿ ನೊಬೆಲ್ ಪ್ರಶಸ್ತಿ ದೊರೆಯಿತು. ಆದರೆ ಒಂದು ಚಿತ್ರದಿಂದ ಕೆಲಸ ಮುಗಿಯುವುದಿಲ್ಲ. ಗಡ್ಡೆ ಬೆಳೆದಿದೆಯೋ, ಕುಗ್ಗಿದೆಯೋ ತಿಳಿಯಬೇಕಾದರೆ ಹಳೆಯ ಚಿತ್ರದ ಮೇಲೆ ಹೊಸ ಚಿತ್ರವನ್ನು ಹೊಂದಿಸಿ ನೋಡಬೇಕು.

ನಮ್ಮ ಗೋಳಗುಮ್ಮಟದ ಎರಡು ಫೋಟೋಗಳನ್ನು ಒಂದೇ ಜಾಗದಲ್ಲಿ ನಿಂತು ತೆಗೆದರೆ, ತುಸು ಸರಿಸಿ, ತಿರುಗಿಸಿ ಹೊಂದಿಸಬಹುದು. ಕಲ್ಲು ಅಲುಗಾಡುವುದಿಲ್ಲ. ತಲೆಬುರುಡೆಯೂ ಹಾಗೆಯೇ. ಈಗ ಟಿಕೋಟಾದ ತೋಟದ ಒಂದು ಹಸಿ ದ್ರಾಕ್ಷಿಯನ್ನು ನೆನೆಯಿರಿ. ಅದು ಒಣದ್ರಾಕ್ಷಿಯಾದ ಮೇಲೆ, ಹಸಿ ಹಣ್ಣಿನ ಮೇಲಿದ್ದ ಚುಕ್ಕೆ ಯಾವ ಸುಕ್ಕಿನಲ್ಲಿ ಅಡಗಿದೆ? ಎಷ್ಟು ತಿರುಗಿಸಿದರೂ ಎರಡೂ ಹೊಂದವು. ನಮ್ಮ ಮೆತ್ತನೆಯ ಅಂಗಗಳ ಕಥೆಯೂ ಇದೇ. ಶ್ವಾಸಕೋಶದ ಕೆಳಭಾಗದ ಗಡ್ಡೆ ಉಸಿರಿನೊಂದಿಗೆ 1-2 ಸೆಂಟಿಮೀಟರ್ ಸರಿಯಬಹುದು. ಮೂತ್ರಕೋಶ ತುಂಬಿದಾಗ ಒಂದು ಆಕಾರ, ಖಾಲಿಯಾದಾಗ ಇನ್ನೊಂದು.

ಇದಕ್ಕೆ ಗಣಿತಜ್ಞರು ಉಪಾಯ ಕಂಡುಕೊಂಡರು. ಚಿತ್ರದ ಮೇಲೆ ಒಂದು ಬಲೆ ಹಾಸಿದಂತೆ ಭಾವಿಸಿ, ಅದರ ಗಂಟುಗಳನ್ನು ಕಂಪ್ಯೂಟರ್ ಸ್ವಲ್ಪ ಸ್ವಲ್ಪವೇ ಎಳೆಯುತ್ತದೆ. ಬಲೆ ಹರಿಯದಂತೆ, ಮಡಚದಂತೆ ನೋಡಿಕೊಂಡು ಎರಡು ಚಿತ್ರಗಳನ್ನು ಹೊಂದಿಸುತ್ತದೆ. 1999ರಲ್ಲಿ ಲಂಡನ್ನಿನ ಸಂಶೋಧಕರು ಸ್ತನದ ಎಂ.ಆರ್.ಐ. ಚಿತ್ರಗಳಲ್ಲಿ ಇದನ್ನು ಮಾಡಿ ತೋರಿಸಿದರು.

ಆದರೆ ಒಂದು ಎಚ್ಚರಿಕೆ. ಚಿಕಿತ್ಸೆಯಿಂದ ಗಡ್ಡೆಯ ಒಂದು ಭಾಗ ಕರಗಿಹೋಗಿದ್ದರೆ ಅದಕ್ಕೆ ಹೊಸ ಚಿತ್ರದಲ್ಲಿ ಜೋಡಿಯೇ ಇರುವುದಿಲ್ಲ. ಆದರೂ ಕಂಪ್ಯೂಟರ್ ಏನನ್ನೋ ಎಳೆದು ತಂದು ಕೂಡಿಸಿಬಿಡುತ್ತದೆ. ಚಿತ್ರ ನೋಡಲು ಚೆಂದ, ಹೊಂದಿಕೆ ಮಾತ್ರ ತಪ್ಪು. ಜನರು ‘ಕರೆಂಟ್ ಕೊಡುವುದು’ ಎನ್ನುವ ವಿಕಿರಣ ಚಿಕಿತ್ಸೆಯಲ್ಲಿ ಈ ತಪ್ಪು ನಡೆದರೆ, ಗಡ್ಡೆಗೆ ಬೀಳಬೇಕಾದ ಕಿರಣ ಒಳ್ಳೆಯ ಅಂಗಕ್ಕೆ ಬೀಳಬಹುದು. ಆದ್ದರಿಂದ ರಕ್ತನಾಳಗಳ ಕವಲುಗಳಂಥ ಗುರುತುಗಳನ್ನು ಹಿಡಿದು ತಜ್ಞರು ಕಣ್ಣಾರೆ ಪರೀಕ್ಷಿಸಲೇಬೇಕು. ಸುಮಾರು ಸಾವಿರ ವರ್ಷಗಳ ಹಿಂದೆ ದೃಷ್ಟಿಶಾಸ್ತ್ರದ ಗ್ರಂಥ ಬರೆದ ಇಬ್ನ್ ಅಲ್-ಹೈಥಮ್ ಕಲಿಸಿದ ಪಾಠವೂ ಇದೇ: ಕಂಡದ್ದನ್ನು ಪ್ರಯೋಗದಿಂದ ಒರೆಗೆ ಹಚ್ಚದೆ ಒಪ್ಪಬೇಡಿ.

ಪಾಲಕರಲ್ಲಿ ನನ್ನ ವಿನಂತಿ ಇಷ್ಟೇ. ಸೊಲ್ಲಾಪುರಕ್ಕಾಗಲಿ, ಮಿರಜಕ್ಕಾಗಲಿ, ಬೆಂಗಳೂರಿನ ಕಿದ್ವಾಯಿ ಆಸ್ಪತ್ರೆಗಾಗಲಿ ಹೋಗುವಾಗ ಹಳೆಯ ಸ್ಕ್ಯಾನಿನ ಸಿ.ಡಿ., ಫಿಲ್ಮ್‌ಗಳನ್ನು ತಪ್ಪದೆ ಒಯ್ಯಿರಿ. ‘ಉಸಿರು ಹಿಡಿಯಿರಿ’, ‘ನೀರು ಕುಡಿದು ಬನ್ನಿ’ ಎಂದು ಹೇಳಿದರೆ ಅದನ್ನು ಅಲಕ್ಷಿಸಬೇಡಿ. ಅಂಗವು ಪ್ರತಿಸಲವೂ ಒಂದೇ ಸ್ಥಿತಿಯಲ್ಲಿರಲೆಂದೇ ಹಾಗೆ ಹೇಳುತ್ತಾರೆ. ಮನೆಯ ಹಿರಿಯ ಹೆಣ್ಣುಮಕ್ಕಳಿಗೆ ಕನ್ನಡ ಬಾರದಿದ್ದರೆ ಆ ಮಾತನ್ನು ಉರ್ದುವಿನಲ್ಲಿ ತಿಳಿಸಿ ಹೇಳುವವರು ಜೊತೆಗಿರಲಿ.

ಮಕ್ಕಳೇ, ಡಾಕ್ಟರಾಗುವವರಿಗೆ ಗಣಿತ ಬೇಡ, ಇಂಜಿನಿಯರಾಗುವವರಿಗೆ ಜೀವಶಾಸ್ತ್ರ ಬೇಡ ಎಂಬ ಮಾತನ್ನು ನಂಬಬೇಡಿ. ಈ ಕೆಲಸಕ್ಕೆ ಎರಡೂ ಬೇಕು. ನೀವು ಉರ್ದುವಿನಲ್ಲಿ ಓದಿರಿ, ಕನ್ನಡದಲ್ಲಿ ಓದಿರಿ, ಎರಡನ್ನೂ ಚೆನ್ನಾಗಿ ಕಲಿಯಿರಿ.