ಸೋಲಿನ ಹೊಣೆ ಯಾರದು? ಸತೀಶ್ ಧವನ್ ಮತ್ತು ವಿದ್ಯಾಸಂಸ್ಥೆಯ ನಾಯಕತ್ವ

(ಎಜ್‌ವೇರ್‌ನಲ್ಲಿ ಸೇರಿದ್ದ ಕನ್ನಡಿಗರ ಸಭೆಯಲ್ಲಿ ಆಡಿದ ಮಾತುಗಳ ಬರಹರೂಪ)



ಎಜ್‌ವೇರ್‌ನಿಂದ ರೈಲು ಹತ್ತಿದರೆ ಕಾಲಿಂಡೇಲ್‌ನಲ್ಲಿ ವಾಯುಪಡೆಯ ವಸ್ತುಸಂಗ್ರಹಾಲಯ. ಮುಂದಿನ ಹೆಂಡನ್‌ನಲ್ಲಿ ಮಿಡ್ಲ್‌ಸೆಕ್ಸ್ ವಿಶ್ವವಿದ್ಯಾಲಯ. ವಿಮಾನವಿದ್ಯೆಯ ಮೇಷ್ಟರೊಬ್ಬರು ಉನ್ನತ ವಿದ್ಯಾಸಂಸ್ಥೆಯ ಚುಕ್ಕಾಣಿ ಹಿಡಿದ ಬಗೆಯನ್ನು ನೆನೆಯಲು ಇದು ತಕ್ಕ ಜಾಗ.

1920ರಲ್ಲಿ ಶ್ರೀನಗರದಲ್ಲಿ ಹುಟ್ಟಿದ ಸತೀಶ್ ಧವನ್, ಅಮೆರಿಕದ ಕ್ಯಾಲ್‌ಟೆಕ್‌ನಲ್ಲಿ ಡಾಕ್ಟರೇಟ್ ಪಡೆದು 1951ರಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆ ಸೇರಿದರು. 1962ರಲ್ಲಿ ಅದರ ನಿರ್ದೇಶಕರಾಗಿ 1981ರವರೆಗೂ ಮುಂದುವರಿದರು. 1972ರಲ್ಲಿ ಇಸ್ರೊ ಅಧ್ಯಕ್ಷತೆ ಅರಸಿ ಬಂದಾಗಲೂ ಸಂಸ್ಥೆಯನ್ನು ಬಿಡಲು ಒಪ್ಪಲಿಲ್ಲ. ಎರಡನ್ನೂ ಒಟ್ಟಿಗೆ ನಿಭಾಯಿಸಿದರು.

1979ರ ಆಗಸ್ಟ್ 10ರಂದು ಎಸ್‌ಎಲ್‌ವಿ-3 ರಾಕೆಟ್ ಬಂಗಾಳ ಕೊಲ್ಲಿಗೆ ಬಿತ್ತು. ಯೋಜನೆಯ ನಿರ್ದೇಶಕ ಅಬ್ದುಲ್ ಕಲಾಂ ಹಲವು ಬಾರಿ ಹೇಳಿಕೊಂಡಂತೆ, ಅಂದು ಪತ್ರಕರ್ತರ ಮುಂದೆ ನಿಂತು ಸೋಲಿನ ಹೊಣೆ ಹೊತ್ತವರು ಧವನ್. 1980ರ ಜುಲೈ 18ರಂದು ರೋಹಿಣಿ ಉಪಗ್ರಹ ಕಕ್ಷೆ ಸೇರಿದಾಗ ಕಲಾಂ ಅವರನ್ನೇ ಮುಂದೆ ಕಳುಹಿಸಿದರು.

ಈ ಪ್ರಸಂಗ ಎಲ್ಲರಿಗೂ ಗೊತ್ತು. ಕಡಿಮೆ ನೆನೆಯುವುದು ಇನ್ನೊಂದನ್ನು. ಅದೇ ದಶಕದಲ್ಲಿ, 1974ರಲ್ಲಿ, ಅವರ ಸಂಸ್ಥೆಯಲ್ಲಿ ವಿದ್ಯುತ್‌ರಸಾಯನ ವಿಜ್ಞಾನಿ ಅಮೂಲ್ಯ ರೆಡ್ಡಿ ‘ಅಸ್ತ್ರ’ ಎಂಬ ಗ್ರಾಮೀಣ ತಂತ್ರಜ್ಞಾನ ಘಟಕ ಕಟ್ಟಿದರು. ಕುಣಿಗಲ್ ತಾಲ್ಲೂಕಿನ ಉಂಗ್ರದಲ್ಲಿ ಅದರ ಕೇಂದ್ರ ಬಂತು. ಸೌದೆ ಹೊರುವ, ಹೊಗೆ ಕುಡಿಯುವ ಹೆಂಗಸರ ದುಡಿಮೆ ಸಂಶೋಧನೆಯ ವಿಷಯವಾಯಿತು. ಹೊಗೆರಹಿತ ಅಸ್ತ್ರ ಒಲೆ ಕರ್ನಾಟಕದ ಅಡುಗೆಮನೆಗಳನ್ನು ತಲುಪಿತು. ವಿಜ್ಞಾನ ಯಾರಿಗಾಗಿ ಎಂಬ ಇರಿಯುವ ಪ್ರಶ್ನೆಗೆ, ರಾಕೆಟ್ಟಿನ ಕನಸು ಕಾಣುತ್ತಿದ್ದ ನಿರ್ದೇಶಕರ ಅವಧಿಯಲ್ಲಿಯೇ ಸಂಸ್ಥೆಯೊಳಗೆ ಜಾಗ ಸಿಕ್ಕಿತು.

ಇದನ್ನು ಸ್ತೋತ್ರವಾಗಿಸಬೇಕಿಲ್ಲ. ಶ್ರೀಹರಿಕೋಟದ ಉಡಾವಣಾ ಕೇಂದ್ರಕ್ಕಾಗಿ ಯಾನಾದಿ ಬುಡಕಟ್ಟಿನವರು ನೆಲೆ ಕಳೆದುಕೊಂಡದ್ದೂ ಇದೇ ಚರಿತ್ರೆಯ ಭಾಗ. ಇಂಥ ಸಂಸ್ಥೆಗಳ ಬಾಗಿಲು ದಲಿತರಿಗೆ, ಹೆಣ್ಣುಮಕ್ಕಳಿಗೆ ಎಷ್ಟು ತೆರೆದಿತ್ತೆಂಬ ಪ್ರಶ್ನೆಯೂ ಉಳಿದೇ ಇದೆ. ಒಬ್ಬರ ಸಜ್ಜನಿಕೆ ವ್ಯವಸ್ಥೆಯ ನ್ಯಾಯಕ್ಕೆ ಬದಲಿಯಾಗಲಾರದು.

ಆದರೂ ಹೋಲಿಸಿ ನೋಡುವುದು ಅಗತ್ಯ. ಬ್ರಿಟನ್ನಿನಲ್ಲಿ 1985ರ ಜ್ಯಾರಟ್ ವರದಿ, ಕುಲಪತಿಯನ್ನು ವಿದ್ವತ್ತಿನ ನಾಯಕನೆಂದಷ್ಟೇ ಅಲ್ಲ, ಮುಖ್ಯ ಕಾರ್ಯನಿರ್ವಾಹಕನೆಂದೂ ಕಾಣಬೇಕೆಂದಿತು. ಆ ದಾರಿಯಲ್ಲಿ ನಡೆದ ವಿಶ್ವವಿದ್ಯಾಲಯಗಳಲ್ಲಿ ಇಂದು ಲೆಕ್ಕ ತಪ್ಪಿದಾಗ ಮುಚ್ಚುವುದು ಭಾಷೆ, ಮಾನವಿಕಗಳ ವಿಭಾಗಗಳು. ಕೆಲಸ ಕಳೆದುಕೊಳ್ಳುವವರು ಪಾಠ ಹೇಳುವವರು. ಸೋಲು ಕೆಳಗಿಳಿಯುತ್ತದೆ, ಗೆಲುವು ಮೇಲೇರುತ್ತದೆ. ಧವನ್ ನಡೆದದ್ದು ಇದಕ್ಕೆ ತಿರುಗುಮುರುಗಾಗಿ.

ಇಲ್ಲಿ ಮಕ್ಕಳನ್ನು ಓದಿಸುತ್ತಿರುವವರು, ಊರಿನ ಕಾಲೇಜುಗಳಿಗೆ ದೇಣಿಗೆ ಕೊಡುತ್ತಿರುವವರು ಶ್ರೇಯಾಂಕಪಟ್ಟಿ ನೋಡುವ ಮೊದಲು ಎರಡು ಪ್ರಶ್ನೆ ಕೇಳಬಹುದು: ಈ ಸಂಸ್ಥೆ ಸೋತ ದಿನ ಮುಂದೆ ಬಂದು ನಿಲ್ಲುವವರು ಯಾರು? ಉಂಗ್ರದಂಥ ಹಳ್ಳಿಯ ಪ್ರಶ್ನೆಗೆ ಇಲ್ಲಿ ಒಂದು ಕೋಣೆಯಾದರೂ ಇದೆಯೇ?