ಧನ ದನವಾಗದಿರಲಿ: ತೆರೆಯ ಮೇಲಿನ ಅಕ್ಷರವನ್ನು ಹಿಗ್ಗಿಸುವುದು, ಕುಗ್ಗಿಸುವುದು



ಸ್ವೀಡನ್ನಿನ ಶಾಲೆಗಳಲ್ಲಿ ಮೂಡರ್ಸ್‌ಮೋಲ್ ಪಾಠ, ಅಂದರೆ ಮನೆಮಾತಿನ ಪಾಠ ಇರುವುದು ನಿಮಗೆ ಗೊತ್ತು. ಒಂದು ಕೊಮ್ಮುನ್‌ನಲ್ಲಿ ಕನಿಷ್ಠ 5 ಮಕ್ಕಳು ಬಯಸಿ, ತಕ್ಕ ಶಿಕ್ಷಕರೂ ಸಿಕ್ಕರೆ ಕನ್ನಡಕ್ಕೂ ಅಲ್ಲಿ ಜಾಗ ಉಂಟು. ಆದರೆ ಸ್ವೀಡಿಷ್ ಕಲಿಯುವ ಮಗುವಿಗೆ ಸಿಗುವಷ್ಟು ಆಟ, ಆ್ಯಪ್‌ಗಳು ಕನ್ನಡ ಕಲಿಯುವ ಮಗುವಿಗೆ ಸಿಗುವುದಿಲ್ಲ. ಜಾವಾಸ್ಕ್ರಿಪ್ಟ್ ಬಲ್ಲ ನಿಮ್ಮಲ್ಲಿ ಯಾರಾದರೂ ತಮ್ಮ ತಂಗಿಯರಿಗಾಗಿ ಅಕ್ಷರ ತಿದ್ದುವ ಒಂದು ಪುಟ ಮಾಡಬಹುದು. ಊರಿನಲ್ಲಿ ಅಜ್ಜ ಅಜ್ಜಿ ಮರಳಿನ ಮೇಲೆ, ಸ್ಲೇಟಿನ ಮೇಲೆ ತಿದ್ದಿದ್ದನ್ನು ಇಲ್ಲಿಯ ಮಗು ಫೋನಿನ ಮೇಲೆ ಬೆರಳಿನಿಂದ ತಿದ್ದುತ್ತದೆ.

ಇದಕ್ಕೆ ಒಳ್ಳೆಯ ಸಾಧನ ಪೇಪರ್ ಜೆಎಸ್. ಯುರ್ಗ್ ಲೇನಿ ಮತ್ತು ಜೊನಾಥನ್ ಪಕಿ 2011ರಲ್ಲಿ ಹೊರತಂದ, ಉಚಿತವಾಗಿ ಸಿಗುವ ವೆಕ್ಟರ್ ಚಿತ್ರಗಳ ಲೈಬ್ರರಿ ಇದು. ವೆಕ್ಟರ್ ಎಂದರೆ ಚಿತ್ರವನ್ನು ಚುಕ್ಕಿಗಳ ರಾಶಿಯಾಗಿ ಅಲ್ಲ, ಬಿಂದುಗಳು ಮತ್ತು ಅವುಗಳ ನಡುವಿನ ಬಾಗುಗಳಾಗಿ ನೆನಪಿಡುವುದು. ಆದ್ದರಿಂದ ಎಷ್ಟು ಹಿಗ್ಗಿಸಿದರೂ ಅಂಚು ಒಡೆಯುವುದಿಲ್ಲ ಎನ್ನುತ್ತಾರೆ. ಅದು ನಿಜ. ಆದರೆ ಅಂಚು ಒಡೆಯದಿದ್ದ ಮಾತ್ರಕ್ಕೆ ಅಕ್ಷರ ಉಳಿಯಿತು ಎಂದಲ್ಲ.

‘ಧ’ವನ್ನು ನೋಡಿ. ‘ದ’ಕ್ಕೂ ಅದಕ್ಕೂ ಇರುವ ವ್ಯತ್ಯಾಸ ಅಡಿಯ ಒಂದು ಪುಟ್ಟ ಸೀಳುಗೆರೆ. ನೀವು 400 ಪಿಕ್ಸೆಲ್ ಎತ್ತರಕ್ಕೆ ‘ಧ’ ಬರೆದಿರಿ ಎಂದುಕೊಳ್ಳಿ. ಗೆರೆಯ ದಪ್ಪ 16, ಸೀಳು ಕೆಳಕ್ಕೆ ಚಾಚಿರುವ ಉದ್ದ 40. ಪಟ್ಟಿಯಲ್ಲಿ ಚಿಕ್ಕದಾಗಿ ತೋರಿಸಲು ಅದನ್ನು ಹತ್ತನೇ ಒಂದಕ್ಕೆ ಇಳಿಸುತ್ತೀರಿ. ಪೇಪರ್ ಜೆಎಸ್‌ನ ಸ್ಕೇಲ್ ಆಜ್ಞೆ ಸಾಮಾನ್ಯವಾಗಿ ಬಿಂದುಗಳ ಜಾಗವನ್ನೇ ತಿದ್ದಿ ಬರೆಯುತ್ತದೆ, ಗೆರೆಯ ದಪ್ಪವನ್ನು ಮುಟ್ಟುವುದಿಲ್ಲ. ಈಗ ಅಕ್ಷರ 40, ಸೀಳು 4, ದಪ್ಪ ಮಾತ್ರ ಅದೇ 16. ಆ ದಪ್ಪದಲ್ಲಿ ಸೀಳು ಮುಳುಗಿಹೋಯಿತು. ‘ಧನ’ ಎಂದು ಬರೆದದ್ದನ್ನು ಮಗು ‘ದನ’ ಎಂದು ಓದುತ್ತದೆ. ಸ್ವೀಡಿಷ್‌ನಲ್ಲೂ ಹೀಗೆಯೇ. ಕೂದಲು ಎಂಬ ಅರ್ಥದ ‘ಹೋರ್’ ಪದದಲ್ಲಿ ಅಕ್ಷರದ ತಲೆಯ ಮೇಲಿನ ಉಂಗುರ ಅಳಿದರೆ ಅದು ‘ಹಾರ್’ ಆಗಿ ಅರ್ಥವೇ ಬೇರೆಯಾಗುತ್ತದೆ.

ಎರಡನೆಯ ತೊಡಕು ಒತ್ತಕ್ಷರದ್ದು. ‘ಅಮ್ಮ’ ಎಂಬಲ್ಲಿ ಮ ಒಂದು ಗೆರೆ, ಅದರ ಒತ್ತು ಇನ್ನೊಂದು ಗೆರೆ. ಬೇರೆ ಕೇಂದ್ರ ಹೇಳದಿದ್ದರೆ ಸ್ಕೇಲ್ ಪ್ರತಿಯೊಂದು ಆಕಾರವನ್ನೂ ಅದರದೇ ನಡುಬಿಂದುವಿನ ಸುತ್ತ ಕುಗ್ಗಿಸುತ್ತದೆ. ಹಾಗೆ ಒಂದೊಂದನ್ನೇ ಅರ್ಧ ಮಾಡಿದರೆ ಎರಡೂ ಚಿಕ್ಕದಾಗುತ್ತವೆ, ನಡುಬಿಂದುಗಳ ಅಂತರ ಮಾತ್ರ ಹಾಗೇ ಉಳಿಯುತ್ತದೆ. ಅಕ್ಷರ ಒಂದು ಕಡೆ, ಒತ್ತು ಒಂದು ಕಡೆ! ಪದದ ಎಲ್ಲ ಗೆರೆಗಳನ್ನೂ ಮೊದಲು ಒಂದು ಗ್ರೂಪ್‌ಗೆ ಸೇರಿಸಿ, ಆ ಗ್ರೂಪನ್ನೇ ಕುಗ್ಗಿಸಬೇಕು.

ಮೂರನೆಯದು ಫೋನನ್ನು ಅಡ್ಡ ತಿರುಗಿಸಿದಾಗ ಕಾಣುತ್ತದೆ. ತಿರುಗಿಸಿದಾಗಲೆಲ್ಲ 0.5 ಎಂದು ಸ್ಕೇಲ್ ಕರೆದರೆ 400 ಇದ್ದದ್ದು 200, ಆಮೇಲೆ 100, ಆಮೇಲೆ 50. ಏಕೆಂದರೆ ಪ್ರತಿ ಸಲವೂ ಅಳತೆ ಈಗಿನ ಗಾತ್ರದಿಂದಲೇ ಶುರುವಾಗುತ್ತದೆ. ಮೂಲ ರೂಪ ಯಾರ ನೆನಪಿನಲ್ಲೂ ಇಲ್ಲ.

ದಪ್ಪದ ತೊಡಕಿಗೂ ಈ ತೊಡಕಿಗೂ ಮದ್ದು ಒಂದೇ. ಗ್ರೂಪ್‌ಗೆ ಅಪ್ಲೈಮ್ಯಾಟ್ರಿಕ್ಸ್ ಎಂಬ ಗುಣವಿದೆ. ಅದನ್ನು ಫಾಲ್ಸ್ ಮಾಡಿ. ಆಗ ಲೈಬ್ರರಿ ಬಿಂದುಗಳನ್ನು ತಿದ್ದುವುದಿಲ್ಲ. ಮೂಲ ಅಕ್ಷರವನ್ನು ಹಾಗೇ ಇಟ್ಟುಕೊಂಡು, ಎಷ್ಟು ಪಟ್ಟು ಎಂಬುದನ್ನು ಬೇರೆಯಾಗಿ ನೆನಪಿಡುತ್ತದೆ. ಸ್ಕೇಲಿಂಗ್ ಎಂಬ ಗುಣಕ್ಕೆ 0.5 ಎಂದು ಬರೆದರೆ ಅದು ಮೂಲದ ಅರ್ಧ. ಹತ್ತು ಸಲ ಬರೆದರೂ ಅಷ್ಟೇ. ಗೆರೆಯ ದಪ್ಪವೂ ಜೊತೆಗೇ ಇಳಿಯುತ್ತದೆ. ಹತ್ತನೇ ಒಂದಕ್ಕೆ ಇಳಿಸಿದರೆ 16 ಇದ್ದದ್ದು 1.6, ಹಾಗಾಗಿ ಸೀಳು ಉಳಿಯುತ್ತದೆ. ಒಂದೇ ಎಚ್ಚರ: ಮಗುವಿನ ಬೆರಳು ಮುಟ್ಟಿದ ಜಾಗ ತೆರೆಯ ಲೆಕ್ಕದಲ್ಲಿ ಬರುತ್ತದೆ. ಗ್ಲೋಬಲ್‌ಟುಲೋಕಲ್ ಆಜ್ಞೆಯಿಂದ ಅದನ್ನು ಅಕ್ಷರದ ಲೆಕ್ಕಕ್ಕೆ ತಂದು, ಆಮೇಲೆ ಸರಿ ತಪ್ಪು ನೋಡಿ.

ಜೊತೆಗೆ ಅಗಲಕ್ಕೆ ಒಂದು, ಎತ್ತರಕ್ಕೆ ಇನ್ನೊಂದು ಪ್ರಮಾಣ ಬೇಡ. ಕನ್ನಡ ಅಕ್ಷರಗಳ ಚೆಲುವಿರುವುದು ದುಂಡಗಿನಲ್ಲಿ. 400ಕ್ಕೆ 400ರ ಅಕ್ಷರ 200ಕ್ಕೆ 100ರ ಚೌಕಟ್ಟಿನಲ್ಲಿ ಕೂರಬೇಕೇ? ಅಗಲಕ್ಕೆ 0.5, ಎತ್ತರಕ್ಕೆ 0.25 ಬರುತ್ತದೆ. ಚಿಕ್ಕದನ್ನೇ ಎರಡಕ್ಕೂ ಬಳಸಿ. ಪಕ್ಕದಲ್ಲಿ ಜಾಗ ಖಾಲಿ ಉಳಿದರೆ ಉಳಿಯಲಿ.

ಹಾಗೆಂದು ದಪ್ಪ ಬದಲಾಗಬಾರದ ಗೆರೆಗಳೂ ಇವೆ. ಬೆರಳಿಗೆ ದಾರಿ ತೋರುವ ಚುಕ್ಕಿಗೆರೆ, ಹಿಂದಿನ ಚೌಕುಳಿ ಇವು ಚಿಕ್ಕ ಫೋನಿನಲ್ಲೂ ಕಣ್ಣಿಗೆ ಕಾಣಬೇಕು. ಅವುಗಳಿಗೆ ಮಾತ್ರ ಸ್ಟ್ರೋಕ್‌ಸ್ಕೇಲಿಂಗ್ ಫಾಲ್ಸ್ ಎಂದು ಬರೆಯಿರಿ. ಬ್ರೌಸರ್‌ಗಳ ಎಸ್‌ವಿಜಿ ಚಿತ್ರಗಳಲ್ಲೂ ಇಂಥ ಸೌಲಭ್ಯವಿದೆ, ಹೆಸರು ನಾನ್-ಸ್ಕೇಲಿಂಗ್-ಸ್ಟ್ರೋಕ್. 2008ರ ಡಿಸೆಂಬರಿನಲ್ಲಿ ಅಂತಿಮಗೊಂಡ ಎಸ್‌ವಿಜಿ ಟೈನಿ 1.2 ಎಂಬ ಮಾನಕದಲ್ಲಿ ಅದು ಸೇರಿತ್ತು. ಆ ಮಾನಕದ ಸಂಪಾದಕರಲ್ಲೊಬ್ಬರು ಓಪೆರಾ ಬ್ರೌಸರ್ ಕಂಪನಿಯ ಎರಿಕ್ ಡಾಲ್‌ಸ್ಟ್ರೋಮ್. ಅವರು ಕೆಲಸ ಮಾಡುತ್ತಿದ್ದದ್ದು ನಮ್ಮ ಇದೇ ಸ್ವೀಡನ್ನಿನ ಲಿನ್‌ಶೋಪಿಂಗ್‌ನಲ್ಲಿ. ಈ ಕೆಲಸ ಎಲ್ಲೋ ದೂರದವರು ಮಾಡುವಂಥದ್ದು ಎಂದುಕೊಳ್ಳಬೇಡಿ.

ಯಾವುದು ಬದಲಾಗಲಿ, ಯಾವುದು ಹಾಗೇ ಇರಲಿ ಎಂಬುದನ್ನು ಲೈಬ್ರರಿ ತಾನಾಗಿ ಅರಿಯದು. ‘ಧ’ದ ಸೀಳು ಮುಖ್ಯ ಎಂದು ಅದಕ್ಕೆ ಗೊತ್ತಿಲ್ಲ, ನಿಮಗೆ ಗೊತ್ತು. ನಿಮ್ಮ ಕನ್ನಡ ಅಷ್ಟಕ್ಕಷ್ಟೇ ಎಂದು ಹಿಂಜರಿಯಬೇಡಿ. ಈ ವಾರಾಂತ್ಯ ದ-ಧ, ಡ-ಢ, ಪ-ಫ ಈ ಮೂರು ಜೋಡಿಗಳನ್ನು ಬರೆದು, 40 ಪಿಕ್ಸೆಲ್‌ಗೆ ಇಳಿಸಿ, ಮನೆಯ ಚಿಕ್ಕವರ ಕೈಗೆ ಫೋನು ಕೊಡಿ. ಅವರು ತಡವರಿಸದೆ ಓದಿದರೆ ನಿಮ್ಮ ಲೆಕ್ಕ ಸರಿಯಾಗಿದೆ ಎಂದೇ ಅರ್ಥ.