ಗುಲಗಂಜಿ ಬೇಡ, ಕಾಗದದ ಮಣಿ ಮಾಡೋಣ
(ಶಾಲೆಯ ಕರಕುಶಲ ತರಗತಿಯಲ್ಲಿ ಹಳೆಯ ವಿದ್ಯಾರ್ಥಿನಿಯೊಬ್ಬರು ಆಡಿದ ಮಾತು)

ಮಕ್ಕಳೇ, ನಿಮ್ಮಲ್ಲಿ ಕೆಲವರ ಜಾಮಿಟ್ರಿ ಬಾಕ್ಸಿನಲ್ಲಿ ಗುಲಗಂಜಿ ಕಂಡೆ. ಹಿಂದೆ ಅಕ್ಕಸಾಲಿಗರು ಚಿನ್ನ ತೂಗುತ್ತಿದ್ದ ಬೀಜ ಅದು, ನೋಡಲು ಬಲು ಚೆಂದ. ಆದರೆ ಒಳಗಿರುವುದು ವಿಷ. ಗಟ್ಟಿ ಸಿಪ್ಪೆ ಅದನ್ನು ಹಿಡಿದಿಟ್ಟಿರುತ್ತದೆ; ಸರಕ್ಕೆಂದು ತೂತು ಕೊರೆದಿರೋ, ಆ ಕಾವಲು ಹೋಯಿತು. ಮನೆಯಲ್ಲಿ ಪುಟ್ಟ ತಮ್ಮ ತಂಗಿಯರು ಸಿಕ್ಕಿದ್ದನ್ನೆಲ್ಲ ಬಾಯಿಗಿಡುತ್ತಾರಲ್ಲ! ಇದ್ದವರು ಈಗಲೇ ಮೇಷ್ಟರಿಗೆ ಕೊಟ್ಟು ಕೈ ತೊಳೆದು ಬನ್ನಿ.

ಮಣಿಗೆ ಹಳೆಯ ಕ್ಯಾಲೆಂಡರ್ ಸಾಕು. ಬುಡ 2 ಸೆಂ.ಮೀ., ಉದ್ದ 25 ಸೆಂ.ಮೀ. ಇಟ್ಟು, ತುದಿ ಚೂಪಾಗುವಂತೆ ಪಟ್ಟಿ ಕತ್ತರಿಸಿ. ಬುಡದ ಕಡೆಯಿಂದ ಸೈಕಲ್ ಕಡ್ಡಿಗೆ ಬಿಗಿಯಾಗಿ ಸುತ್ತಿ. ಮೊದಲ ಸುತ್ತಿಗೆ ಅಂಟು ಹಾಕಬೇಡಿ, ಹಾಕಿದರೆ ಮಣಿ ಕಡ್ಡಿ ಬಿಟ್ಟು ಬಾರದು. ಬುಡದ ಅಗಲವೇ ಮಣಿಯ ಉದ್ದ. ಪಟ್ಟಿ ಉದ್ದವಾದಷ್ಟೂ ಹೊಟ್ಟೆ ದಪ್ಪ. ಉಗಾಂಡದ ಕಂಪಾಲದಲ್ಲಿ ಹೆಂಗಸರು ಇಂಥ ಮಣಿಸರ ಮಾರಿ ಸಂಪಾದಿಸುತ್ತಾರೆ. ಇದನ್ನೂ ಕೂಸಿನ ಕೈಗೆ ಕೊಡಬೇಡಿ, ಗಂಟಲಿಗೆ ಸಿಕ್ಕೀತು.

ನಮ್ಮೂರಲ್ಲಿ ತೊಂದರೆ ಮಳೆಯದು. ಜುಲೈಯಲ್ಲಿ ಮೈದಾ ಅಂಟಿಗೆ ಬೂಷ್ಟು ಹಿಡಿಯುತ್ತದೆ, ವಾರ್ನಿಷ್ ಒಣಗುವುದೇ ಇಲ್ಲ. ಜನವರಿಯ ಬಿಸಿಲಲ್ಲಿ ಎರಡು ಸಲ ಬಳಿದು ಒಣಗಿಸಿ. ಕಾಫಿ ಹರಡಿದ ಕಣದಲ್ಲಿ ಮಾತ್ರ ಬೇಡ. ಕಾಫಿಗೆ ವಾಸನೆ ಹತ್ತಿದರೆ ಅಪ್ಪ ಸುಮ್ಮನಿರುವುದಿಲ್ಲ!